ದೆವ್ವ ಬಾರದ ಬಾಗಿಲು

ಆ ಬೀದಿಯ ಮಕ್ಕಳಿಗೆಲ್ಲ ಅವರು ದೆವ್ವದ ತಾತ. ಬೇರೆಯವರಾಗಿದ್ದರೆ ಇಂಥ ಹೆಸರಿಗೆ ಕೋಲು ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದರೇನೋ, ತಾತನಿಗೆ ಮಾತ್ರ ಅದನ್ನು ಕೇಳಿದಾಗಲೆಲ್ಲ ಎರಡು ಕೊಂಬು ಮೂಡುತ್ತಿದ್ದವು. ಹರೆಯದಲ್ಲಿ ಅವರು ಒಂದೇ ಒಂದು ಸಿನಿಮಾದಲ್ಲಿ ನಟಿಸಿದ್ದರು, ಅದರಲ್ಲಿ ದೆವ್ವವಾಗಿದ್ದರು. ಕಪ್ಪು ಬಿಳುಪಿನ ಕಾಲ. ಆಗ ಜನ ಕುರ್ಚಿ ಬಿಟ್ಟು ಓಡಿದ್ದರಂತೆ, ಒಬ್ಬ ಹೆಂಗಸಂತೂ ಮೂರ್ಛೆಯೇ ಹೋಗಿದ್ದಳಂತೆ. ಈ ‘ಅಂತೆ’ಗಳೆಲ್ಲ ತಾತನ ಬಾಯಿಂದಲೇ ಹೊರಟವು ಎಂಬುದನ್ನೂ ಹೇಳಿಬಿಡಬೇಕು. ಆಮೇಲೆ ಅವರು ಜೀವನವಿಡೀ ಗಡಿಯಾರ ರಿಪೇರಿ ಮಾಡಿದರು. ಅದರ ಬಗ್ಗೆ ಅವರು ಜಂಬ ಕೊಚ್ಚಿದ್ದನ್ನು ಯಾರೂ ಕೇಳಿಲ್ಲ.

“ಮೂರ್ಛೆ ಹೋದೋಳು ಎದ್ಲೋ ಇಲ್ವೋ, ಒಂದ್ಸಲ ಹೋಗಿ ನೋಡ್ಕೊಂಡು ಬರಬಾರ್ದಾ?” ಎಂದು ಅಜ್ಜಿ ಕಾಲೆಳೆಯುತ್ತಿದ್ದರು. ಅವರದ್ದು ಮದುವೆಯಾದಾಗಿನಿಂದ ಇದೇ ಕೆಲಸ.

ಈಗ ಊರಿನ ಚಿತ್ರ ಸಂಘದವರು ಆ ಹಳೇ ರೀಲನ್ನು ಎಲ್ಲಿಂದಲೋ ಹುಡುಕಿ, ಧೂಳು ತೆಗೆದು, ಗೀರು ಅಳಿಸಿ, ಭಾನುವಾರ ಮಧ್ಯಾಹ್ನ ತೋರಿಸುತ್ತೇವೆಂದು ಹೇಳಿಕಳಿಸಿದ್ದರು. ತಾತ ಅಂದಿನಿಂದ ಕನ್ನಡಿಯ ಮುಂದೆ ನಿಂತು ಕಣ್ಣು ಅಗಲಿಸುವ ಅಭ್ಯಾಸ ಶುರುಮಾಡಿದರು. ಅದಕ್ಕೆ ಕಲ್ಲು ಹಾಕಿದವಳು ಮೊಮ್ಮಗಳು. ಅವಳು ಸಿನಿಮಾಗಳಿಗೆ ಸದ್ದು ಕೂಡಿಸುವವಳು. ಅಡುಗೆಮನೆಯಲ್ಲಿ ಎಲೆಕೋಸನ್ನು ಸೀಳಿ ಮೂಳೆ ಮುರಿಯುವ ಸದ್ದು ಮಾಡುತ್ತಿದ್ದಳು, ಒದ್ದೆ ಬಟ್ಟೆಯನ್ನು ನೆಲಕ್ಕೆ ಬಡಿದು ಹೆಣ ಬೀಳಿಸುತ್ತಿದ್ದಳು. ಅವಳು ಮಾಡಿದ ಕೊಲೆಗಳ ಎಲೆಕೋಸನ್ನೆಲ್ಲ ಮನೆಯವರು ವಾರವಿಡೀ ತಿನ್ನಬೇಕಾಗುತ್ತಿತ್ತು.

“ತಾತ, ಬೇಜಾರು ಮಾಡ್ಕೋಬೇಡಿ. ಇದನ್ನ ಹೀಗೇ ತೋರಿಸಿದ್ರೆ ಈಗಿನ ಜನ ನಗ್ತಾರೆ,” ಎಂದಳು. “ನಾನು ಒಂಚೂರು ಸದ್ದು ಸೇರಿಸ್ತೀನಿ. ಸಂಘದವರೂ ಒಪ್ಪಿದ್ದಾರೆ.”

“ಯಾಕೆ, ನನ್ನ ಮುಖ ಸಾಲ್ದಾ?”

“ಮುಖದ ಮಾತು ಬಿಡಿ. ಆ ಬಾಗಿಲಿನ ಸೀನು ಇದ್ಯಲ್ಲ, ಅದರಲ್ಲಿ ಬಾಗಿಲು ತೆರ್ಕೊಳ್ಳುತ್ತೆ, ಯಾರೂ ಬರಲ್ಲ, ಒಂದು ಸದ್ದೂ ಇಲ್ಲ. ಜನ ಮೊಬೈಲ್ ತೆಗೀತಾರೆ ಅಷ್ಟೇ. ನಮ್ಮನೆ ಮುಂಬಾಗಿಲು ಕಿರ್ರ್ ಅನ್ನೋದನ್ನ ರೆಕಾರ್ಡ್ ಮಾಡಿಟ್ಕೊಂಡಿದ್ದೀನಿ, ಅದನ್ನ ಅಲ್ಲಿ ಹಾಕಿದ್ರೆ ನೋಡಿ ಮಜಾ!”

ಬಾಗಿಲಿನ ಸೀನೆಂದ ಕೂಡಲೇ ತಾತ ಕನ್ನಡಿಯ ಕಡೆ ತಿರುಗಿಕೊಂಡರು. ಅಜ್ಜಿ ಖಾಲಿ ಚಹಾ ಲೋಟದೊಳಗೆ ಏನನ್ನೋ ಹುಡುಕತೊಡಗಿದರು. ಕೊನೆಗೆ ಒಂದು ಪಂದ್ಯವಾಯಿತು. ಭಾನುವಾರ ಸಿನಿಮಾ ಇದ್ದ ಹಾಗೇ ಓಡಬೇಕು. ಜನ ನಗುತ್ತಲೇ ಎದ್ದುಹೋದರೆ ಮೊಮ್ಮಗಳು ತನಗೆ ಬೇಕಾದ ಸದ್ದು ಸುರಿಯಬಹುದು. ಒಬ್ಬರಾದರೂ ಹೆದರಿ ಕಿರುಚಿದರೆ ಅವಳು ಅದರ ಒಂದು ಕೂದಲನ್ನೂ ಮುಟ್ಟುವಂತಿಲ್ಲ. ತಾತ ಮೀಸೆ ತಿರುವಿದರು, ಒಳಗೆ ಮಾತ್ರ ಲೆಕ್ಕ ಬೇರೆ ಇತ್ತು. ಇದ್ದದ್ದೇ ಒಂದು ಸಿನಿಮಾ. ಅದೂ ನಗೆಪಾಟಲಾದರೆ ತಾನು ಬರೀ ತಾತ ಆಗಿಬಿಡುತ್ತೇನಲ್ಲ ಎಂಬ ಸಂಕಟ.

ಭಾನುವಾರ ಸಭಾಂಗಣ ತುಂಬಿತ್ತು. ತಾತನ ಒಂದು ಪಕ್ಕ ಅಜ್ಜಿ, ಇನ್ನೊಂದು ಪಕ್ಕ ಮೊಮ್ಮಗಳು. ಪಾಳು ಮನೆಯ ಕಪಾಟಿನಿಂದ ದೆವ್ವ ಹೊರಗೆ ಕಾಲಿಟ್ಟಿತೋ ಇಲ್ಲವೋ, ಜನ ಗೊಳ್ಳೆಂದು ನಕ್ಕರು. ದೆವ್ವದ ರಟ್ಟಿನ ಹಲ್ಲು ಒಂದು ಕಡೆ ವಾಲಿತ್ತು. ದೆವ್ವ ಗರ್ಜಿಸಿದಾಗ ಅದು ಇನ್ನೊಂದು ಕಡೆಗೆ ವಾಲಿತು.

“ಪಾಪ, ಅದನ್ನ ಮೊದ್ಲು ಡೆಂಟಿಸ್ಟ್ ಹತ್ರ ಕರ್ಕೊಂಡು ಹೋಗ್ರೋ!” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಹೊಟ್ಟೆ ಹುಣ್ಣಾಗುವಂತೆ ನಕ್ಕವರಲ್ಲಿ ಮೊಮ್ಮಗಳೂ ಇದ್ದಳು, ನಕ್ಕು ಆಮೇಲೆ ಕೆಮ್ಮಿದಂತೆ ನಟಿಸಿದಳು. ತಾತನ ಮುಖ ಸಪ್ಪಗಾಯಿತು. ಕುರ್ಚಿಯಲ್ಲಿ ಇಳಿದಿಳಿದು ಕೊನೆಗೆ ಅವರ ಬೋಳು ತಲೆಯಷ್ಟೇ ಕಾಣುತ್ತಿತ್ತು. ನಗದೆ ಕುಳಿತದ್ದು ಅಜ್ಜಿಯೊಬ್ಬರೇ. ಹಿಂದೆ ತಿರುಗಿ ಕೂಗಿದವನನ್ನು ಸುಟ್ಟುಬಿಡುವಂತೆ ನೋಡಿದರು. ಈ ಮನುಷ್ಯನನ್ನು ನೋಡಿ ನಗುವುದು ತನ್ನೊಬ್ಬಳ ಹಕ್ಕು ಎಂದು ಅವರು ತಿಳಿದಿದ್ದರು.

ಆಮೇಲೆ ಆ ಬಾಗಿಲು ಬಂತು.

ನಾಯಕಿ ಕೋಣೆಯಲ್ಲಿ ಒಬ್ಬಳೇ ತಲೆ ಬಾಚುತ್ತಿದ್ದಾಳೆ. ಹಿಂದೆ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ. ಆಚೆ ಕತ್ತಲು, ಯಾರೂ ಇಲ್ಲ. ಅವಳು ತಿರುಗಿ ನೋಡುತ್ತಾಳೆ, ಕಾಯುತ್ತಾಳೆ. ಯಾರೂ ಬರುವುದಿಲ್ಲ. ಅವಳ ಕೈಯ ಬಾಚಣಿಗೆ ನಿಧಾನವಾಗಿ ಕೆಳಗಿಳಿಯುತ್ತದೆ. ಆಗಲೂ ಯಾರೂ ಬರುವುದಿಲ್ಲ.

ಸಭಾಂಗಣದಲ್ಲಿ ಕುರುಕಲು ತಿಂಡಿಯ ಪೊಟ್ಟಣಗಳ ಸದ್ದಡಗಿತು. ಮೊಮ್ಮಗಳ ಕೈ ತನಗೇ ಗೊತ್ತಿಲ್ಲದೆ ತಾತನ ತೋಳನ್ನು ಹಿಡಿಯಿತು. ಅಷ್ಟರಲ್ಲಿ ಹಿಂದಿನ ಸಾಲಿನವನು, ಆ ಡೆಂಟಿಸ್ಟಿನವನೇ, “ಅಯ್ಯಮ್ಮಾ!” ಎಂದು ಕಿರುಚಿದ.

ಇಡೀ ಸಭಾಂಗಣದಲ್ಲಿ ನಗುತ್ತಿದ್ದವರು ಈಗ ಇಬ್ಬರೇ. ಅಜ್ಜಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕುಲುಕುತ್ತಿದ್ದರು. ತಾತನ ಕಣ್ಣಲ್ಲಿ ನೀರೇ ಬಂದಿತ್ತು. ಆ ಬಾಗಿಲ ಹಿಂದೆ ಅಂದು ಏನು ನಡೆದಿತ್ತೆಂದು ಬಲ್ಲವರು ಅವರಿಬ್ಬರೇ. ದೆವ್ವದ ನಿಲುವಂಗಿ ಮೊಳೆಗೆ ಸಿಕ್ಕಿ ಹಿಂಭಾಗದಲ್ಲಿ ನಾಚಿಕೆಗೇಡಾಗಿ ಹರಿದಿತ್ತು. ಉಡುಪಿನ ಕೋಣೆಯ ದರ್ಜಿ ಹುಡುಗಿ ಓಡಿ ಬಂದು ಹೊಲಿದಳು, ದಾರವನ್ನೂ ಕಡಿದಳು. ಆಗಲಾದರೂ ದೆವ್ವ ಹೋಗಬಹುದಿತ್ತು. ಆದರೆ ದೆವ್ವ ಅವಳ ಹೆಸರು ಕೇಳಿತು. ಅವಳು ಹೇಳಲು ಸತಾಯಿಸಿದಳು. ಅತ್ತ ಹಗ್ಗ ಎಳೆಯುವವನು ಬಾಗಿಲು ತೆರೆದಿದ್ದ, ಕ್ಯಾಮೆರಾ ಓಡುತ್ತಲೇ ಇತ್ತು. ನಿರ್ದೇಶಕರು ಸಿಟ್ಟಿನಿಂದ ಕುಣಿದಾಡಿಬಿಟ್ಟರು. ಅದೇ ಕೊನೆಯ ರೀಲಾದ್ದರಿಂದ ಮತ್ತೆ ತೆಗೆಯಲಾಗದೆ ಹಾಗೇ ಉಳಿಸಿದರು.

ಸಿನಿಮಾ ಮುಗಿದ ಮೇಲೆ ತಾತನ ಕೈಗೆ ಮೈಕು ಬಂತು. ಸಂಘದ ಕಾರ್ಯದರ್ಶಿ ಎದ್ದು ನಿಂತರು.

“ಸರ್, ಆ ಬಾಗಿಲಲ್ಲಿ ದೆವ್ವ ಬರಬಾರ್ದು ಅನ್ನೋ ಯೋಚನೆ ಯಾರದ್ದು? ಈಗಿನೋರಿಗೂ ಹೊಳೆಯಲ್ಲ!”

ಇಲ್ಲದ ಮೂರ್ಛೆಗಳನ್ನೆಲ್ಲ ಸೃಷ್ಟಿಸಿದ ಮನುಷ್ಯನಿಗೆ ಈ ಸೀನಿನ ಬಗ್ಗೆ ಒಂದು ಸುಳ್ಳೂ ಹೊರಡಲಿಲ್ಲ. ತಾತ ಅಜ್ಜಿಯ ಕಡೆ ನೋಡಿದರು. ಕಾಲೆಳೆಯಲು ಅಜ್ಜಿಗೆ ಇಂಥ ಅವಕಾಶ ಜನ್ಮದಲ್ಲಿ ಇನ್ನೊಂದು ಸಿಗುವಂತಿರಲಿಲ್ಲ. ಅವರು ಮೈಕು ತೆಗೆದುಕೊಂಡರು.

“ಇವರದ್ದೇ. ನಾನು ಪಕ್ಕದಲ್ಲೇ ಇದ್ದೆ, ನಂಗೆ ಗೊತ್ತು. ಎಷ್ಟು ಜನ ಕರೆದ್ರೂ ಹೋಗ್ಲೇ ಇಲ್ಲ.”

ಚಪ್ಪಾಳೆಯೋ ಚಪ್ಪಾಳೆ.

“ಗೆದ್ರಿ ತಾತ,” ಎಂದು ಮೊಮ್ಮಗಳು ಹೊರಗೆ ಬರುತ್ತಾ ಕೈ ಮುಗಿದಳು. “ಏನೂ ಸೇರಿಸಲ್ಲ. ಆದ್ರೆ ಆ ಹಲ್ಲನ್ನಾದ್ರೂ ನೆಟ್ಟಗೆ ಮಾಡಿಸ್ತೀನಿ, ಈಗ ಕಂಪ್ಯೂಟರಲ್ಲಿ ಆಗುತ್ತೆ.”

“ಹಲ್ಲು ಇರ್ಲಿ ಬಿಡು,” ಎಂದರು ತಾತ. “ಅಷ್ಟು ನಕ್ಕಿದ್ದಕ್ಕೇ ಆಮೇಲೆ ಹಂಗೆ ಹೆದರಿದ್ದು.”

ಮೊಮ್ಮಗಳು ಸ್ಟುಡಿಯೋಗೆ ಹೋದಳು. ತಾತ, ಅಜ್ಜಿ ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಅಜ್ಜಿ ಬೀಗ ತೆಗೆದು ಮೊದಲು ಒಳಗೆ ಹೋದರು. ಮಂಡಿ ನೋವಿನ ತಾತ ಮೆಟ್ಟಿಲ ಮೇಲೆ ಹಿಂದೆ ಬಿದ್ದರು, ಬಾಯಿ ಮಾತ್ರ ಮುಂದೆಯೇ ಇತ್ತು. “ನೋಡಿದ್ಯಾ, ಎಂಥಾ ಚಪ್ಪಾಳೆ! ಆ ಡೆಂಟಿಸ್ಟಿನವನ ಮುಖ ನೋಡಿದ್ಯಾ?”

ಗಾಳಿಗೆ ಬಾಗಿಲು ಕಿರ್ರ್ ಎಂದು ಪೂರ್ತಿ ತೆರೆದುಕೊಂಡಿತು. ಒಳಗೆ ಮಬ್ಬು. ಹೊಸಿಲಲ್ಲಿ ಯಾರೂ ಇಲ್ಲ.

ತಾತನ ಕಾಲು ಮೆಟ್ಟಿಲಲ್ಲೇ ನಿಂತಿತು. ಕಾದರು. ಯಾರೂ ಬರಲಿಲ್ಲ. ಮುಂದೊಂದು ದಿನ ಈ ಬಾಗಿಲು ಹೀಗೇ ತೆರೆದಿರುತ್ತದೆ, ಎಷ್ಟು ಕಾದರೂ ಯಾರೂ ಬರುವುದಿಲ್ಲ ಎಂದು ಹೊಳೆಯಿತು. ಅವರು ಹೆದರಿದರು, ನಿಜವಾಗಿ ಹೆದರಿದರು. ಅಂದು ಆ ದರ್ಜಿ ಹುಡುಗಿ ಸತಾಯಿಸಿ ಹೇಳಿದ ಹೆಸರನ್ನು ಹಿಡಿದು ಬೀದಿಗೆಲ್ಲ ಕೇಳುವಂತೆ ಕೂಗಿದರು.

ಅಜ್ಜಿ ಚಹಾದ ಪಾತ್ರೆ ಹಿಡಿದುಕೊಂಡೇ ಬಾಗಿಲಿಗೆ ಬಂದರು.

“ಏನ್ರೀ ಅದು? ಒಳ್ಳೇ ದೆವ್ವ ನೋಡಿದೋರ ಹಾಗೆ ನಿಂತಿದ್ದೀರಾ?”

“ನೋಡ್ಲಿಲ್ಲ,” ಎಂದರು ತಾತ, ಮೆಟ್ಟಿಲ ಕಂಬಿಯ ಹಿಡಿತ ಬಿಡದೆ. “ಅದಕ್ಕೇ.”