ಹಲಗೆ ಸಂದಿನ ಕಾಗದ

ಹೊಗೆ ಮತ್ತೆ ಈ ಕಡೆಗೇ ತಿರುಗಿತು, ಹೊಗೆಗೆ ಯಾವಾಗಲೂ ಮುದುಕಿಯರೇ ಬೇಕು, ಎಡಗಣ್ಣಿಗೆ ಬಂದರೆ ಅಡ್ಡಿಯಿಲ್ಲ, ಅದರಲ್ಲಿ ಹಾಲಿನ ಕೆನೆಯಂತೆ ಪೊರೆ ಕಟ್ಟಿ ಎರಡು ವರ್ಷವಾಯಿತು, ಬಲಗಣ್ಣಿಗೆ ಬಂದರೆ ಕಷ್ಟ, ಬಲಗಣ್ಣು ಈಗ ಕಾಗದದ ಮೇಲಿದೆ — ಗೋಡೆಯ ಹಲಗೆಗಳ ಸಂದಿನಲ್ಲಿ, ಚಹಾ ಕಾರ್ಖಾನೆಯ ಕ್ಯಾಲೆಂಡರಿನ ಪಕ್ಕ, ಹಲ್ಲುಜ್ಜುವ ಬ್ರಷ್ಷಿನ ಜೊತೆ ಸಿಕ್ಕಿಸಿಟ್ಟಿದ್ದಾರೆ, ಮೂರು ಅಂಚು ಹರಿದಿದೆ, ಅಂದರೆ ಬಿಚ್ಚಿ ನೋಡಿದ್ದಾರೆ, ನೋಡಿ ಅರ್ಥವಾಗದೆ ಇಟ್ಟಿದ್ದಾರೆ, ಅದೇ ಕಾಗದ, ಮೊದಲನೆಯದೂ ಹೀಗೇ ಇತ್ತು, ಮೂಲೆಯಲ್ಲಿ ಪರದೇಶದ ಮುದ್ರೆ. ಕೈ ಚಾಚಿದರೆ ಸಿಗುವುದಿಲ್ಲ, ಎದ್ದರೆ ಸಿಗುತ್ತದೆ, ಆದರೆ ಬಂದವರು ಎದ್ದು ಇನ್ನೊಬ್ಬರ ಅಡಿಗೆಮನೆಯ ಗೋಡೆಗೆ ಕೈ ಹಾಕುವುದುಂಟೇ, ಚಹಾ ಕುಡಿಯುವ ಮೊದಲು ಬಂದ ಕೆಲಸ ಬಾಯಿಬಿಡುವುದೂ ಇಲ್ಲ, ಸಾವಿನ ಸುದ್ದಿ ತಂದವನೂ ಒಂದು ಲೋಟ ಕುಡಿದೇ ಹೇಳುತ್ತಾನೆ, ಆದ್ದರಿಂದ ಕೂತಿದ್ದೇನೆ, ಹಿರಿಯ ಸೊಸೆ ವಂಜುಗು ಸೌದೆ ಮುರಿಯುತ್ತ ಬೆನ್ನು ಹಾಕಿಕೊಂಡೇ ಅನ್ನುತ್ತಾಳೆ, ಏನವ್ವಾ, ದಾರಿ ತಪ್ಪಿ ಬಂದ್ರಾ, ನಿಮ್ಮನ್ನ ನೋಡ್ಬೇಕಂದ್ರೆ ಈಗ ನಾವು ಡೇಟಾ ಹಾಕಿಸ್ಕೋಬೇಕು. ಹಾಗೇನಿಲ್ಲ ನ್ಯಾಗುಥಿ ತಾಯಿ, ಮಂಡಿ ನೋವು ಕಣೇ, ಈ ಏರು ಹತ್ತೋಕಾಗಲ್ಲ. ಫೋನಿನ ವಿಡಿಯೋದಲ್ಲಿ ಮಂಡಿ ನೋವೇನೂ ಕಾಣಲ್ಲಪ್ಪ, ಮೊನ್ನೆ ಮುಕಿಮೊಗೆ ಆಲೂಗಡ್ಡೆ ಕುಟ್ತಾ ಇದ್ರಿ, ಹದಿನೆಂಟರ ಹುಡುಗಿ ಥರ. ಒಲೆಯ ಮೂರು ಕಲ್ಲುಗಳ ನಡುವೆ ನಿನ್ನೆಯ ಕೆಂಡ ಬೂದಿ ಹೊದ್ದು ಮಲಗಿದೆ, ಸೌದೆ ಹಸಿ, ಹತ್ತುವುದು ತಡ.

ನ್ಯಾಗುಥಿ ತಾಯಿ ಎಂದೆ, ನನ್ನ ಹೆಸರನ್ನೇ ನಾನು ಕರೆದಂತೆ, ಈ ಮನೆಯಲ್ಲೂ ನಾನಿದ್ದೇನೆ, ಕೆಳಮನೆಯಲ್ಲೂ ನಾನಿದ್ದೇನೆ, ಗಂಡುಮಕ್ಕಳು ಮೊದಲ ಹೆಣ್ಣುಕೂಸಿಗೆ ಹೆತ್ತ ತಾಯಿಯ ಹೆಸರಲ್ಲದೆ ಇನ್ನಾವುದನ್ನು ಇಟ್ಟಾರು, ಹಿರಿಯ ಮುರೀಥಿ ತನ್ನ ಮಗಳನ್ನು ಅವ್ವಾ ಎಂದೇ ಕರೆಯುತ್ತಾನೆ, ನಾನು ಯಾರ ಜೊತೆ ಇದ್ದೇನೋ ಆ ಕಿರಿಯ ಗಥೋಗೊ ಕೂಡ ತನ್ನ ಮಗಳನ್ನು ಅವ್ವಾ ಅನ್ನುತ್ತಾನೆ, ಮೇಲ್ಮನೆ ನ್ಯಾಗುಥಿ, ಕೆಳಮನೆ ನ್ಯಾಗುಥಿ, ನಡುವೆ ಮುದಿ ನ್ಯಾಗುಥಿ, ಒಂದು ಸಲ ಕೂಗಿದರೆ ಮೂವರು ಓಗೊಡುತ್ತೇವೆ. ನನ್ನ ಅಡಿಗೆಯ ವಿಡಿಯೋ ತೋರಿಸುವ ಕಂಪನಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು, ಕೆಳಮನೆಯ ಹುಡುಗಿ ತನ್ನ ಹೆಸರು, ಅಜ್ಜನ ಹೆಸರು, ಚರ್ಚಿನ ಅಂಚೆಪೆಟ್ಟಿಗೆಯ ಸಂಖ್ಯೆ ಬರೆದು ಕಳಿಸಿದಳು, ಈ ಗುಡ್ಡದಲ್ಲಿ ಯಾರ ಬಾಗಿಲಿಗೂ ಅಂಚೆಯವನು ಬರುವುದಿಲ್ಲ, ಎಲ್ಲರ ಕಾಗದವೂ ಚರ್ಚಿನ ಪೆಟ್ಟಿಗೆಗೇ, ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಹಿರಿಯ ಮುಗೊ ಕನ್ನಡಕ ಏರಿಸಿ ಕೂಗುತ್ತಾನೆ, ನ್ಯಾಗುಥಿ ಗಿಚೋಹಿ ಎಂದು ಕೂಗಿದನಂತೆ, ಎರಡು ಭಾನುವಾರದ ಹಿಂದೆ, ನಾನು ಕೆಮ್ಮಿಕೊಂಡು ಮಲಗಿದ್ದೆ, ಕೆಳಮನೆಯವಳು ಪೇಟೆಗೆ ಹೋಗಿದ್ದಳು, ಮೇಲ್ಮನೆಯವಳು ಎದ್ದು ಹೋಗಿ ತೆಗೆದುಕೊಂಡಳು, ಯಾಕೆ ತೆಗೆದುಕೊಳ್ಳಬಾರದು, ಅವಳದೇ ಹೆಸರು, ಅವಳದೇ ಅಜ್ಜ. ಮುಗೊ ನಿನ್ನೆ ಹೇಳದಿದ್ದರೆ ನಮಗೆ ತಿಳಿಯುತ್ತಲೂ ಇರಲಿಲ್ಲ. ಶೋಶೋ, ಅಜ್ಜೀ, ನೀವೇ ಹೋಗಿ, ಕೆಳಮನೆಯವಳು ಬೆಳಿಗ್ಗೆ ಬಾಗಿಲಲ್ಲಿ ನಿಂತು ಬೇಡಿದಳು, ಅಜ್ಜಿ ಕೇಳಿದ್ರೆ ದೊಡ್ಡಮ್ಮ ಇಲ್ಲ ಅನ್ನಲ್ಲ, ನಾನ್ ಹೋದ್ರೆ ಬೆಕ್ಕಿಗೆ ಬೈದ ಹಾಗೆ ಬೈತಾರೆ, ನಾಳೆಗೆ ಗಡುವು ಮುಗಿಯತ್ತೆ. ಇದೇ ಹುಡುಗಿ ಫೋನನ್ನು ಜೋಳದ ಗೂಡಿಗೆ ಒರಗಿಸಿಟ್ಟು ಅನ್ನುತ್ತಿದ್ದವಳು, ಶೋಶೋ, ನಗ್ಬೇಡಿ, ನಕ್ರೆ ಯಾರೂ ನೋಡಲ್ಲ, ಬೈಯ್ರಿ, ನಾನ್ ಆಲೂಗಡ್ಡೆ ದಪ್ಪಗೆ ಸುಲಿದೆ ಅಂತ ಬೈಯ್ರಿ — ಬೈದೆ, ನೈರೋಬಿಯವರು ನೋಡಿದರು, ಕತಾರಿನಲ್ಲಿ ಮನೆಗೆಲಸಕ್ಕೆ ಹೋದ ಹೆಣ್ಣುಮಕ್ಕಳು ನೋಡಿದರು, ನಮ್ಮಜ್ಜಿಯೂ ಹೀಗೇ ಬೈತಿದ್ರು ಎಂದು ಬರೆದರು, ಒಬ್ಬ ಬರೆದ, ಮುದುಕಿಯ ಬಿಳಿಗಣ್ಣು ನೋಡಿದರೆ ಊಟ ಸೇರುವುದಿಲ್ಲ, ಅದನ್ನು ಅವಳು ಅಳಿಸಿದಳು, ಅಳಿಸುವ ಮೊದಲೇ ನಾನು ಓದಿದ್ದೆ. ಸಾವಿರ ಜನ ಸೇರಬೇಕಂತೆ, ಆಮೇಲೆ ಜಾಹೀರಾತು, ಆಮೇಲೆ ದುಡ್ಡು, ಹುಡುಗಿ ಮುಖ ತೊಳೆಯುವ ಮೊದಲೇ ಜನರನ್ನು ಎಣಿಸುತ್ತಾಳೆ, ನನ್ನವ್ವ ಜನರನ್ನು ಎಣಿಸಿದವಳಲ್ಲ, ಹತ್ತು ಮಕ್ಕಳಿದ್ದ ಮನೆಗೆ ತುಂಬಿದ ಒಂಬತ್ತು ಎನ್ನುತ್ತಿದ್ದಳು, ಹತ್ತು ಎಂದರೆ ಹತ್ತನೆಯದನ್ನು ಯಾವುದೋ ಕಣ್ಣು ನೋಡಿಬಿಡುತ್ತದೆ ಎಂದು.

ಈಗ ಸಾವಿರವೂ ದಾಟಿದೆ, ದುಡ್ಡೂ ಬಂದು ಕೂತಿದೆ, ನನ್ನ ಕಣ್ಣಿನ ಪೊರೆ ತೆಗೆಸುವಷ್ಟು, ಆಸ್ಪತ್ರೆಯಲ್ಲಿ ದಿನವನ್ನೂ ಗೊತ್ತುಮಾಡಿ ಬಂದಿದ್ದಾಳೆ, ಆದರೆ ಕಾಗದದೊಳಗಿನ ಆರು ಅಂಕಿಗಳನ್ನು ಫೋನಿನಲ್ಲಿ ಒತ್ತಿದರೆ ಮಾತ್ರ ಆ ದುಡ್ಡು ಕೈಗಿಳಿಯುವುದು, ಮೊದಲ ಕಾಗದ ಮುಗೊನ ಕೋಟಿನ ಜೇಬಿನಲ್ಲಿ ಮಳೆಗೆ ನೆನೆಯಿತು, ನಾಲ್ಕು ಒಂದು ಏಳು ಉಳಿಯಿತು, ಉಳಿದ ಮೂರು ನೀಲಿ ನೀರಾಯಿತು, ಹುಡುಗಿ ಹಠಕ್ಕೆ ಬಿದ್ದು ಊಹೆ ಮಾಡಿ ಎರಡು ಸಲ ಒತ್ತಿದಳು, ಎರಡೂ ತಪ್ಪು, ಆಮೇಲೆ ಅದೇ ಅಂಕಿಗಳ ಇನ್ನೊಂದು ಕಾಗದಕ್ಕೆ ಬರೆದಳು, ಇನ್ನು ಒಂದೇ ಸಲ, ಅದೂ ತಪ್ಪಿದರೆ ಜಾಹೀರಾತೂ ನಿಂತಿತು, ದುಡ್ಡೂ ಅಲ್ಲೇ ಉಳಿಯಿತು. ಅಂಕಿ ಅಂದರೆ ನನಗೆ ಭಯವಿಲ್ಲ, ಗಂಡ ಹೋದ ಮೇಲೆ, ಐವತ್ತು ದಾಟಿದ ಮೇಲೆ, ದೊಡ್ಡವರ ಸಂಜೆಶಾಲೆಗೆ ಹೋದವಳು ನಾನು, ಗುಂಬಾರು, ಮುದುಕರ ಶಾಲೆ, ಎಂದು ಎಲ್ಲರೂ ನಗುತ್ತಿದ್ದರು, ಚಹಾ ಎಲೆ ತೂಗುವ ಕೊಟ್ಟಿಗೆಯಲ್ಲಿ ತಕ್ಕಡಿಯ ಕೆಳಗೆ ಕೂತು ಕಲಿತದ್ದು, ಆರೂ ಒಂಬತ್ತೂ ನನಗೆ ಅದಲುಬದಲಾಗುತ್ತಿದ್ದವು, ಕಲಿಸುವ ಹುಡುಗಿ ನನ್ನ ಕೈಯನ್ನು ಹೊಟ್ಟೆಗೆ ಹಚ್ಚಿ ಹೇಳಿದಳು, ಆರು ಬಸುರಿ ಅಮ್ಮ, ಭಾರ ಕೆಳಗೆ ಮುಂದೆ, ಒಂಬತ್ತು ಕೂಸನ್ನ ಬೆನ್ನಿಗೆ ಕಟ್ಕೊಂಡವಳು, ಭಾರ ಮೇಲೆ ಹಿಂದೆ. ಆಮೇಲೆ ತಪ್ಪಲಿಲ್ಲ. ನಾನೂ ಆರಾಗಿದ್ದೆ, ಒಂಬತ್ತಾಗಿದ್ದೆ, ಇದೇ ಏರಿನಲ್ಲಿ ಮುರೀಥಿಯನ್ನು ಬೆನ್ನಿಗೆ ಬಿಗಿದು ಎಲೆ ಕೀಳುತ್ತಿದ್ದೆ, ಅವನ ಗುಂಡುತಲೆ ಕತ್ತಿನ ಹಿಂದೆ ಬೆವರುತ್ತಿತ್ತು, ಆ ತಲೆ ಈಗ ನನ್ನ ಎದುರು ಬಂದರೆ ಬೇರೆ ದಾರಿ ಹಿಡಿಯುತ್ತದೆ.

ನಮ್ಮವಳೂ ನಿಮ್ಮ ಹೆಸರೇ ಹೊತ್ಕೊಂಡಿದಾಳೆ ಅವ್ವಾ, ವಂಜುಗು ಈಗ ತಿರುಗಿದ್ದಾಳೆ, ಪಾತ್ರೆಗೆ ಹಾಲು ನೀರು ಸುರಿಯುತ್ತಿದ್ದಾಳೆ, ದನಿಯಲ್ಲಿ ಜಗಳವಿಲ್ಲ, ಅದೇ ಕಷ್ಟ, ಒಂದಿನಾನಾದ್ರೂ ಅವಳನ್ನ ಪಕ್ಕದಲ್ಲಿ ಕೂರಿಸ್ಕೊಂಡ್ರಾ, ನನ್ನ ನ್ಯಾಗುಥಿ ನನ್ನ ನ್ಯಾಗುಥಿ ಅಂತೀರಲ್ಲ ಫೋನಲ್ಲಿ, ಇವಳು ನೋಡ್ತಾ ಕೂತಿರ್ತಾಳೆ, ಎಷ್ಟು ಸಲ ನೋಡಿದಾಳೋ, ಕೇಳಿದ್ರೆ, ಸುಮ್ನಿರಮ್ಮ, ನಾನ್ ನೋಡಿದ್ರೂ ಶೋಶೋಗೆ ದುಡ್ಡು ಬರತ್ತೆ ಅಂತಾಳೆ. ಈ ಮಾತಿನ ಬೆನ್ನಿಗೇ ಆ ಕಾಗದ ಕೊಡು ಎಂದರೆ ಏನಾಗುತ್ತದೆ, ಓ ಇದಕ್ಕಾ ಹತ್ತಿ ಬಂದದ್ದು ಅನ್ನುತ್ತಾಳೆ, ಅದು ನಿಜ, ಎರಡು ವರ್ಷದಲ್ಲಿ ಹತ್ತದ ಏರನ್ನು ಇಂದು ಒಂದು ಕಾಗದಕ್ಕಾಗಿ ಹತ್ತಿದೆ. ಚಹಾ ಬರಲಿ. ಎಲ್ಲಿ ಅವಳು, ಎಂದೆ. ಎಲೆ ಕೀಳೋಕೆ ಹೋಗಿದಾಳೆ, ಬರೋ ಹೊತ್ತಾಯ್ತು. ಬರಲಿ, ಪಕ್ಕದಲ್ಲಿ ಕೂರಿಸಿಕೊಂಡು, ಇಬ್ಬರೂ ಕುಡಿದು, ಆಮೇಲೆ ಅವಳನ್ನೇ ಕೇಳುತ್ತೇನೆ, ಅದೇ ಸರಿ, ಅವಳೇ ತೆಗೆದು ಕೊಡಲಿ — ಹಾಳು ಸೌದೆ, ಅನ್ನುತ್ತಾಳೆ ವಂಜುಗು, ಊದಿದಳು, ಮತ್ತೆ ಊದಿದಳು, ಬೂದಿ ಹಾರಿತು, ಕೂತಲ್ಲಿಂದಲೇ ಕೈ ಹಿಂದೆ ಚಾಚಿ ಹಲಗೆ ಸಂದಿಯಿಂದ — ಬ್ರಷ್ಷು ಕೆಳಗೆ ಬಿತ್ತು — ಕಾಗದ ಎಳೆದಳು, ಕೆಂಡಕ್ಕೆ ಮೂಲೆ ಹಿಡಿದಳು. ಬಾಯಿ ತೆರೆದೆ, ಮಾತು ಚಹಾಕ್ಕಾಗಿ ಕಾದು ಕಾದು ಅಭ್ಯಾಸವಾಗಿಬಿಟ್ಟಿದೆ, ಹೊರಡಲಿಲ್ಲ, ಕಣ್ಣು ಮಾತ್ರ ಹೊರಟಿತು, ಉರಿಯ ಬೆಳಕಿಗೆ ಅಂಕಿಗಳು ಎದ್ದು ನಿಂತವು, ನಾಲ್ಕು ಒಂದು ಏಳು, ಗೊತ್ತಿದ್ದವೇ, ಸೊನ್ನೆ, ಎರಡು, ಕಂದು ಅಂಚು ಓಡಿ ಬಂತು, ಕಾಗದ ಸುರುಳಿ ಸುತ್ತಿ ಮಗುಚಿತು, ಕೊನೆಯದು ಗುಂಡಗಿತ್ತು, ಬಾಲವಿತ್ತು, ಹೋಯಿತು. ಅದೇನ್ ಕಾಗ್ದ, ಎಂದೆ, ಈಗ ಎಂದೆ. ಅದಾ, ಚರ್ಚಲ್ಲಿ ಕೊಟ್ರು, ಯಾವ್ದೋ ಲಾಟರಿ ಮೋಸದ್ದು ಅವ್ವಾ, ಬರೀ ನಂಬರು, ನಮ್ಮವಳು ಸುಡಮ್ಮ ಅಂದಿದ್ಳು, ಇವತ್ತು ಉಪಯೋಗಕ್ಕೆ ಬಂತು ನೋಡಿ.

ಹಾಲು ಉಕ್ಕಿತು, ಲೋಟ ಕೈಗೆ ಬಂತು, ಬಿಸಿಯಿದೆ, ಸಕ್ಕರೆ ಜಾಸ್ತಿ, ಈಗ ಹೇಳಬಹುದು ಬಂದ ಕೆಲಸ, ಹೇಳಲು ಕೆಲಸವೇ ಇಲ್ಲ, ಬಾಗಿಲಲ್ಲಿ ಮೇಲ್ಮನೆ ನ್ಯಾಗುಥಿ, ಎಲೆಯ ಬುಟ್ಟಿ ಬೆನ್ನಿನ ಮೇಲೆ, ಶೋಶೋ, ನೀವಾ, ನಿಜವಾಗ್ಲೂ ನೀವಾ, ಎಂದು ನಗುತ್ತಾಳೆ, ಕೆಳಗೆ ಇನ್ನೊಬ್ಬಳು ಫೋನ್ ಹಿಡಿದು ಕಾಯುತ್ತಾಳೆ, ಶೋಶೋ ಸಿಕ್ತಾ ಎನ್ನುತ್ತಾಳೆ, ಒಂದೇ ಸಲ, ಸೊನ್ನೆ ಎರಡು ಆಮೇಲೆ, ಆರೋ ಒಂಬತ್ತೋ, ಮಗುಚುವ ಮೊದಲು ಕಂಡದ್ದೋ ಮಗುಚಿದ ಮೇಲೆ ಕಂಡದ್ದೋ, ಎಡಗಣ್ಣು ಇದ್ದಿದ್ದರೆ, ಭಾರ ಕೆಳಗಿತ್ತು, ಬಸುರಿ, ಅಲ್ಲ, ಮೇಲಿತ್ತು, ಕತ್ತಿನ ಹಿಂದೆ, ಬಟ್ಟೆಯೊಳಗೆ ಗುಂಡುತಲೆ, ಏರು ಹತ್ತುವ ಹೆಂಗಸು, ಕೆಳಗೆ ಮುಂದೆ — ಮೇಲೆ ಹಿಂದೆ — ಏರು ಹತ್ತುವ ಹೆಂಗಸು, ಅಂಚಿಗೆ ಬೆಂಕಿ ಹತ್ತಿದ ಹೆಂಗಸು, ಗುಂಡಗಿನ ಆ ಭಾರ, ಎಲ್ಲಿ