ಎಡಗಡೆ ಚಕ್ರ

ಹಳ್ಳದ ಅಂಚಿನಲ್ಲಿ ಜೀಪು ನಿಂತಾಗ ಡ್ರೈವರು ಎಂದಿನಂತೆ ಬಲಗಡೆ ಇಳಿದ, ಮುಂದಿನ ಚಕ್ರದ ನಡುವಿದ್ದ ಗುಂಡನೆಯ ಹಿಡಿಯನ್ನು ಟಕ್ಕೆಂದು ತಿರುಗಿಸಿದ, ಮತ್ತೆ ಹತ್ತಿ ಕೂತ. ಎಡಗಡೆ ಚಕ್ರದ ಹತ್ತಿರ ಯಾರೂ ಹೋಗಲಿಲ್ಲ. ಹೋಗಬೇಕಾದವಳು ಹಿಂದಿನ ಸೀಟಿನಲ್ಲಿ ಕೈಕಟ್ಟಿಕೊಂಡು ಕೂತಿದ್ದಳು.

ಅವಳು ಅವನ ಹೆಂಡತಿ, ಊರಿಗೆಲ್ಲ ನರ್ಸಮ್ಮ. ಮೂವತ್ತೊಂದು ವರ್ಷದ ಹಿಂದೆ ಗುಡ್ಡದ ಮೇಲಿನ ಮನೆಗಳಿಗೆ ಲಸಿಕೆ ಹಾಕಲು ಹೊರಟ ಮೊದಲ ದಿನ ಆಸ್ಪತ್ರೆಯ ಇದೇ ಜೀಪು ಇದೇ ಹಳ್ಳದಲ್ಲಿ ನಿಂತಿತ್ತು. "ಸಿಸ್ಟರ್, ಎರಡೂ ಕಡೆ ತಿರುಗಿಸದಿದ್ರೆ ಮುಂದಿನ ಚಕ್ರ ಎಳೆಯಲ್ಲ. ನಿಮ್ಮ ಕಡೇದು ನೀವು ತಿರುಗಿಸ್ತೀರಾ?" ಎಂದು ಡ್ರೈವರು ನೆಲ ನೋಡುತ್ತ ಕೇಳಿದ್ದ. ಅಂದಿನಿಂದ ಎಡಗಡೆಯದು ಅವಳ ಪಾಲು. ಮದುವೆಯಾಯಿತು, ಮಗಳು ಹುಟ್ಟಿದಳು. ಆಸ್ಪತ್ರೆಯವರು ಜೀಪನ್ನು ಮೂಲೆಗೆ ತಳ್ಳಿದಾಗ ಇವರೇ ಮನೆಗೆ ತಂದು 'ದೊಡ್ಡಕ್ಕ' ಎಂದು ಹೆಸರಿಟ್ಟರು. ಇಬ್ಬರೂ ನಿವೃತ್ತರಾದರು. ಇಷ್ಟೆಲ್ಲ ಆದರೂ ಡ್ರೈವರು ಒಂದು ದಿನವೂ ಆ ಕಡೆ ಬಗ್ಗಿ ನೋಡಿದವನಲ್ಲ. ವರ್ಷ ಕಳೆದಂತೆ ಅವನ ಲೆಕ್ಕದಲ್ಲಿ ಎಡಗಡೆಯದು ತಾನಾಗಿಯೇ ತಿರುಗುವಂಥದ್ದಾಗಿತ್ತು. ಇನ್ನೊಂದು ಹಳೇ ಚಾಳಿಯೂ ಅವನನ್ನು ಬಿಟ್ಟಿರಲಿಲ್ಲ. ಗಾಬರಿಯೋ ಖುಷಿಯೋ ಮಿತಿಮೀರಿದಾಗ ಹೆಂಡತಿಯನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದ. ಮಗಳ ಮದುವೆ ಮಾತುಕತೆಯ ದಿನ ಬೀಗರ ಮುಂದೆಯೇ ಹಾಗೆ ಕರೆದಾಗ ಅವರು ಮುಖಮುಖ ನೋಡಿಕೊಂಡಿದ್ದರು.

ಕಪ್ಪು ಕನ್ನಡಕದವನೊಬ್ಬ ಈ ದಿನ ಬೆಳಿಗ್ಗೆ ಬಾಗಿಲಿಗೆ ಬಂದು "ಹಳೇ ಜೀಪು ಕೊಡ್ತೀರಂತಲ್ಲ" ಎಂದಾಗಲೇ ನರ್ಸಮ್ಮನಿಗೆ ವಿಷಯ ಗೊತ್ತಾಗಿದ್ದು. ತನ್ನ ಅತಿಥಿಗೃಹಕ್ಕೆ ಬಂದವರನ್ನು ಗುಡ್ಡದ ಮೇಲೆ ಕರೆದೊಯ್ಯಲು ಅವನಿಗೆ ಗಾಡಿ ಬೇಕಿತ್ತು; ಹಳ್ಳ ದಾಟಿ ಗುಡ್ಡ ಹತ್ತಿದರೆ ತೆಗೆದುಕೊಳ್ಳುತ್ತಾನಂತೆ. ಯಾಕೆ ಮಾರುತ್ತೀರಿ ಎಂದು ಅವಳು ಕೇಳಿದ್ದಕ್ಕೆ ಗಂಡ "ಅದಕ್ಕೂ ವಯಸ್ಸಾಯ್ತು" ಎಂದು ಗೊಣಗಿ ಟೈರಿನ ಗಾಳಿ ನೋಡಲು ಹೋದ. ಬಂದವನು ನೆಟ್ಟಗೆ ಅವಳ ಸೀಟಿನಲ್ಲೇ ಹೋಗಿ ಕೂತ. ಹೊಟ್ಟೆ ಉರಿಯದೆ ಇರುತ್ತದೆಯೇ? ಯಾರ ಕೈಯನ್ನೂ ಹಿಡಿಯದೆ, ನೋಯುವ ಮಂಡಿಯನ್ನು ಎಳೆದುಕೊಂಡು ಅವಳು ಹಿಂದಿನಿಂದ ಹತ್ತಿದಳು. ಮಾರುವವರೇ ತಿರುಗಿಸಿಕೊಳ್ಳಲಿ ಎಂದುಕೊಂಡಳು.

ಡ್ರೈವರು ಫೋರ್‌ವೀಲ್ ಗೇರು ಹಾಕಿ ಜೀಪನ್ನು ಕೆಸರಿಗಿಳಿಸಿದ. ನಾಲ್ಕು ಮಾರು ಹೋಗುವುದರಲ್ಲಿ ಹಿಂದಿನ ಚಕ್ರಗಳು ನಿಂತಲ್ಲೇ ಗಿರ್ರನೆ ತಿರುಗಿ ಹೂತುಕೊಂಡವು.

"ಏನಾಯ್ತು?" ಎಂದ ಕನ್ನಡಕದವನು.

"ಏನಿಲ್ಲ, ಈಗ ಹೋಗುತ್ತೆ."

ಹೋಗಲಿಲ್ಲ. ಎರಡನೇ ಸಲಕ್ಕೆ ಇನ್ನೂ ಒಂದು ಗೇಣು ಇಳಿಯಿತು. ಡ್ರೈವರು ಎಂಜಿನ್ ನಿಲ್ಲಿಸಿ, ಸ್ಪ್ಯಾನರ್ ಹಿಡಿದು ಗಾಡಿಯ ಕೆಳಗೆ ತೂರಿದ. "ಏನಮ್ಮಾ ಬಂದಿರೋದು ನಿಂಗೆ ಇವತ್ತು?" ಎಂದು ದೊಡ್ಡಕ್ಕನನ್ನು ಗದರಿಸುವುದು ಕೇಳಿಸಿತು. ನರ್ಸಮ್ಮನಿಗೆ ಒಳಗೊಳಗೇ ಖುಷಿ. ಹೀಗೇ ಸುಮ್ಮನಿದ್ದರೆ ವ್ಯಾಪಾರ ಮುರಿಯಿತು, ಜೀಪು ಮನೆಯಲ್ಲೇ ಉಳಿಯಿತು.

ಕನ್ನಡಕದವನೂ ಕೆಳಗಿಳಿದು, ಷೂ ನೆನೆಯದಂತೆ ಒಂದು ಕಲ್ಲಿನ ಮೇಲೆ ನಿಂತ. "ಹೆಸರಿಗೆ ಮಾತ್ರ ಫೋರ್‌ವೀಲು. ಮುಂದಿನದು ಅಲ್ಲಾಡ್ತಾನೇ ಇಲ್ವಲ್ಲ. ಇದು ಗುಜರಿಗೆ ಹೋಗೋ ಮಾಲು ಯಜಮಾನ್ರೇ. ಅಲ್ಲ, ಇಷ್ಟು ವರ್ಷ ಇಟ್ಕೊಂಡಿದ್ದು ಈಗ್ಯಾಕೆ ಕೊಡ್ತಿದೀರಿ?"

ಡ್ರೈವರು ದನಿ ತಗ್ಗಿಸಿದ. ಆದರೆ ದೊಡ್ಡಕ್ಕನ ಹಿಂದಿನ ನೆಲ ತುಕ್ಕು ಹಿಡಿದು ತೂತಾಗಿತ್ತು. ಅದರ ಮೇಲೆ ರಬ್ಬರ್ ಚಾಪೆ ಹಾಸಿದವನು ತಾನೇ ಎಂಬುದನ್ನು ಅವನು ಮರೆತಿದ್ದ. ಮಾತು ನೇರವಾಗಿ ನರ್ಸಮ್ಮನ ಕಾಲಬುಡಕ್ಕೆ ಬಂತು.

"ಮನೆಯವಳಿಗೆ ಮಂಡಿನೋವು. ಇದನ್ನ ಹತ್ತುವಾಗ ಹಲ್ಲು ಕಚ್ಕೊಂಡು ಹತ್ತುತ್ತಾಳೆ. ಕೇಳಿದ್ರೆ ನೋವೇ ಇಲ್ಲ ಅಂತಾಳೆ. ತಗ್ಗಾಗಿರೋ ಕಾರು ಒಂದು ತಗೊಂಡ್ರೆ ಆರಾಮಾಗಿ ಕೂತ್ಕೋತಾಳೆ, ಅದಕ್ಕೆ."

ಬೆಳಿಗ್ಗೆಯಿಂದ ಕುದಿಯುತ್ತಿದ್ದ ಸಿಟ್ಟು ಎತ್ತ ಹೋಯಿತೋ. ಅವಳು ಕಟ್ಟಿದ್ದ ಕೈ ಬಿಚ್ಚಿದಳು. ಅಷ್ಟರಲ್ಲಿ ಡ್ರೈವರು ತಲೆಯಿಂದ ಕಾಲಿನವರೆಗೆ ಕೆಸರಾಗಿ ಹೊರಬಂದು, ಹಿಂದಿನ ಬಾಗಿಲ ಬಳಿ ಪೆಚ್ಚಾಗಿ ನಿಂತ.

"ಒಂದು ದಿನಾನೂ ಕೈಕೊಟ್ಟಿರಲಿಲ್ಲ ಸಿಸ್ಟರ್. ಏನಾಗಿದೆ ಅಂತಾನೇ ಗೊತ್ತಾಗ್ತಿಲ್ಲ."

ಆ ಮುಖ ನೋಡಿಕೊಂಡು ಸುಮ್ಮನೆ ಕೂರುವುದು ಅವಳಿಂದಾಗಲಿಲ್ಲ. ದೊಡ್ಡಕ್ಕನನ್ನು ಗುಜರಿ ಎಂದದ್ದೂ ಎದೆಗೆ ಚುಚ್ಚಿತ್ತು. ಹಿಂದಿನಿಂದ ಇಳಿದಳು. ಪಾದ ಮುಳುಗುವ ಕೆಸರಿನಲ್ಲಿ ಎಡಗಡೆಗೆ ನಡೆದು, ಬಗ್ಗಿ, ಎರಡೂ ಕೈಯಿಂದ ಹಿಡಿ ತಿರುಗಿಸಿದಳು. ಟಕ್ಕೆಂದಿತು.

ಡ್ರೈವರು ಚಕ್ರ ನೋಡಿದ. ಆಮೇಲೆ ಅವಳನ್ನು ನೋಡಿದ.

"ಈಗ ಹೊಡೀರಿ" ಎಂದಳು.

ಕನ್ನಡಕದವನು ಹತ್ತಿ ಕೂತದ್ದೇ ತಡ, ದೊಡ್ಡಕ್ಕ ಒಮ್ಮೆ ನಡುಗಿ ಕೆಸರಿನಿಂದ ಎದ್ದಳು. ನಾಲ್ಕೂ ಚಕ್ರ ಕಚ್ಚಿಕೊಂಡು ಕಲ್ಲಿನಿಂದ ಕಲ್ಲಿಗೆ ಗುಡ್ಡ ಹತ್ತಿದಳು. ಕೆಳಗೆ ಒಬ್ಬಳೇ ನಿಂತು ನೋಡುತ್ತಿದ್ದ ನರ್ಸಮ್ಮನಿಗೆ ಹೆಮ್ಮೆಯೋ ಹೆಮ್ಮೆ. ಮರುಗಳಿಗೆಯಲ್ಲಿ ಅಳುವೇ ಬಂತು. ಕೈಯಾರೆ ಮಾರಿಬಿಟ್ಟೆನಲ್ಲ ಎನಿಸಿತು.

ಜೀಪು ನೆತ್ತಿಯ ಮೇಲೆ ನಿಂತಿತು. ಎಷ್ಟು ಹೊತ್ತಾದರೂ ಅಲ್ಲಾಡಲಿಲ್ಲ. ಆಮೇಲೆ ಹಿಮ್ಮುಖವಾಗಿಯೇ ನಿಧಾನಕ್ಕೆ ಇಳಿದು ಅವಳ ಪಕ್ಕಕ್ಕೆ ಬಂತು. ಕನ್ನಡಕದವನು ಹಿಂದಿನ ಸೀಟಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದ. ಅವಳ ಸೀಟು ಖಾಲಿಯಿತ್ತು.

"ಕೊಡಲ್ಲ ಅಂದೆ" ಎಂದ ಡ್ರೈವರು, ಇಳಿಯುತ್ತ.

"ಅದ್ಯಾಕ್ರೀ?"

"ಮೇಲೆ ಹೋಗಿ ನಿನ್ನ ಸೀಟಿನ ಕಡೆ ತಿರುಗಿ, ಹೆಂಗೆ ಹತ್ತಿದ್ಲು ನೋಡಿದ್ರಾ ಅಂದೆ. ನೀನಿರಲಿಲ್ಲ."

"ನನ್ನನ್ನ ಸಿಸ್ಟರ್ ಅಂದ್ರು ಕಣಮ್ಮಾ" ಎಂದ ಕನ್ನಡಕದವನು ಹಿಂದಿನಿಂದ.

ನರ್ಸಮ್ಮ ನಗು ತಡೆಯಲಾರದೆ ಬಾನೆಟ್ ಹಿಡಿದು ನಿಂತಳು. ನಕ್ಕು ಸುಧಾರಿಸಿಕೊಂಡ ಮೇಲೆ ಕೇಳಿದಳು: "ಮತ್ತೆ ನನ್ನ ಮಂಡಿ?"

"ಕೇಳಿಸ್ತಾ?"

"ನೆಲದಲ್ಲಿ ತೂತಿದೆಯಲ್ಲ."

ಡ್ರೈವರು ತಲೆ ಕೆರೆದುಕೊಂಡ. ಹಳ್ಳದ ಬದಿಯಿಂದ ಒಂದು ಒಣಕೋಲು ಮುರಿದು ತಂದು ಅವಳ ಪಕ್ಕ ನೆಟ್ಟಗೆ ಹಿಡಿದು, ಕುಕ್ಕರಗಾಲಲ್ಲಿ ಕೂತ. "ಕಾಲೆತ್ತು ನೋಡೋಣ. ನಿಜ ಹೇಳ್ಬೇಕು. ನೋಯೋಕೆ ಮುಂಚೆ ನಿಲ್ಲಿಸ್ಬೇಕು."

ಅವಳು ಎತ್ತಿದಳು. ನಿಜವಾಗಿ ನಿಲ್ಲಿಸಬೇಕಾದಲ್ಲೇ ನಿಲ್ಲಿಸಿದಳು. ಒಂದು ಗೇಣೂ ಆಗಲಿಲ್ಲ. ಅವನು ಆ ಎತ್ತರಕ್ಕೆ ಕೋಲಿನ ಮೇಲೆ ಹೆಬ್ಬೆರಳಿನಿಂದ ಕೆಸರಿನ ಗೆರೆ ಎಳೆದ. "ಇಷ್ಟಕ್ಕೊಂದು ಮೆಟ್ಟಿಲು, ಅದರ ಮೇಲೆ ಇನ್ನೊಂದು. ನಾಳೆನೇ ಬೆಸುಗೆ ಹಾಕಿಸ್ತೀನಿ." ಸದ್ಯಕ್ಕೆ ಸಾಮಾನಿನ ಪೆಟ್ಟಿಗೆಯನ್ನೇ ಮಗುಚಿಟ್ಟು ಅವಳನ್ನು ಹತ್ತಿಸಿದ, ಪೆಟ್ಟಿಗೆ ಎತ್ತಿಟ್ಟುಕೊಂಡ, ಕೋಲನ್ನು ಅವಳ ಕೈಗೆ ಕೊಟ್ಟ.

ಹಳ್ಳ ದಾಟಿ ಟಾರು ರಸ್ತೆಗೆ ಬಂದಾಗ, ಮುಂದಿನ ಚಕ್ರ ಇನ್ನು ಎಳೆಯಬೇಕಿಲ್ಲವಾದ್ದರಿಂದ, ಅವನು ಇಳಿದು ತನ್ನ ಚಕ್ರದ ಹಿಡಿಯನ್ನು ತಿರುಗಿಸಿ ಬಿಡಿಸಿದ. ಬಳಸಿಕೊಂಡು ಎಡಗಡೆಗೆ ಬಂದ. ಬಗ್ಗಿ ಆ ಹಿಡಿಗೆ ಕೈ ಹಾಕಿದವನು ಏನನ್ನಿಸಿತೋ, ಕೈ ಹಿಂದಕ್ಕೆ ತೆಗೆದುಕೊಂಡ. ಪೆಟ್ಟಿಗೆಯನ್ನು ತಂದು ಅವಳ ಬಾಗಿಲ ಕೆಳಗೆ ಮಗುಚಿಟ್ಟು, ಪಕ್ಕದಲ್ಲಿ ಕೈಚಾಚಿ ನಿಂತ.

ಹಿಂದೆ ಕೂತವನು ಗಡಿಯಾರ ನೋಡಿಕೊಂಡ. ನರ್ಸಮ್ಮ ಕೆಸರಿನ ಗೆರೆ ಅಳಿಸದಂತೆ ಕೋಲನ್ನು ಸೀಟಿನ ಮೇಲಿಟ್ಟು, ಗಂಡನ ಕೈ ಹಿಡಿದು ಇಳಿದಳು.