ಗುಡ್ಡ ಕಟ್ಟಿದ ಕೌದಿ

"ಹ್ವಾಯ್, ಇದೆಂತ ಮಾಡಿದ್ರಿ ನೀವ್?"

ಸುಂದರಿ ಕೌದಿಯ ಮೂಲೆ ಎತ್ತಿ ಹಿಡಿದಳು. ಹೊಲಿಗೆ ಇರಬೇಕಾದ ಕಡೆ ಸಾಲು ಸಾಲು ಗಂಟುಗಳಿದ್ದವು. ಗಂಡ ಗುಡ್ಡ ಇನ್ನೊಂದು ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಬಲೆ ಹಿಡಿದ ಹಾಗೆ ಎಳೆದು ಹಿಡಿದಿದ್ದ.

"ಹೊಲ್ದೆ. ಕಾಂತಿಲ್ಯಾ?"

ಮೊಮ್ಮಗಳು ಚಂದನಾಳ ಮದುವೆಗೆ ಇನ್ನು ಆರೇ ದಿನ. ಹಂಗಾರಕಟ್ಟೆಯ ಈ ಮನೆಯಿಂದ ಮದುವೆಯಾಗಿ ಹೋದ ಪ್ರತಿ ಹೆಣ್ಣಿನ ಜೊತೆಗೂ ಸುಂದರಿ ಹೊಲಿದ ಕೌದಿ ಹೋಗಿತ್ತು. ಮನೆಯ ಹೆಂಗಸರ ಹಳೆ ಸೀರೆಗಳನ್ನು ಪದರವಾಗಿ ಹಾಸಿ, ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ ಹಾಕುವುದು ಅವಳ ಕ್ರಮ. ಬೇರೆಯವರ ಕೈ ತಾಗಗೊಡುತ್ತಿರಲಿಲ್ಲ. ಈ ಸಲ ಮುಕ್ಕಾಲು ಭಾಗ ಮುಗಿಯುವಷ್ಟರಲ್ಲಿ, ಮಾರುವ ಬುಟ್ಟಿಯ ಮೀನಿನ ಮುಳ್ಳು ಬಲಗೈಗೆ ಚುಚ್ಚಿ ಹೆಬ್ಬೆರಳು ಬದನೆಕಾಯಿಯ ಹಾಗೆ ಊದಿತು. ತಾನು ಹೊಲಿದು ಕೊಡುತ್ತೇನೆಂದು ನೆರೆಮನೆಯ ಪದ್ದು ಎರಡು ಸಲ ಕೇಳಿದ್ದಳು. ಊತ ಇಳಿಯಲಿ ಎನ್ನುತ್ತಲೇ ಸುಂದರಿ ನಾಲ್ಕು ದಿನ ಕಳೆದಳು. ಊತ ಇಳಿಯಲಿಲ್ಲ. ಇವತ್ತು ಅವಳು ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ ಗುಡ್ಡ ಸೂಜಿ ಹಿಡಿದಿದ್ದ. ಐವತ್ತು ವರ್ಷ ಬಲೆ ಕಟ್ಟಿದ ಕೈ. ಬಟ್ಟೆ ಹೊಲಿದದ್ದು ಇದೇ ಮೊದಲು.

ಬಾಗಿಲಲ್ಲಿ ನಿಂತ ಪದ್ದುವಿಗೆ ನಗು ತಡೆಯಲಾಗಲಿಲ್ಲ. "ಗುಡ್ಡಣ್ಣ, ಇದ್ ಹೊದ್ಕಂಬುಕೋ, ಮೀನ್ ಹಿಡುಕೋ?"

"ಮದಿಮಗ ತಪ್ಸ್ಕಂಡ್ ಹೋಪುಕಾಗ, ಅದ್ಕೆ."

ಸುಂದರಿ ನಗಲಿಲ್ಲ. "ಚಂದನಾ ಇದನ್ನ್ ಗಂಡನ್ ಮನ್ಯಲ್ ಬಿಡ್ಸಿ ಹಾಸುದ್ ಹ್ಯಾಂಗೆ? ನಾಚ್ಕಿ ಆತ್ತ್. ಎಲ್ಲ ಬಿಚ್ತೆ ನಾನ್."

ಎಡಗೈಯಲ್ಲಿ ಕತ್ತರಿ ಹಿಡಿದು ಕಷ್ಟಪಟ್ಟು ಒಂದು ಗಂಟು ಕತ್ತರಿಸಿ, ದಾರ ಎಳೆದಳು. ಬರಲಿಲ್ಲ. ಪಕ್ಕದ ಗಂಟು ಹಿಡಿದುಕೊಂಡಿತ್ತು. ಅದನ್ನೂ ಕತ್ತರಿಸಿದಳು. ಅದರ ಆಚೆಯದು ಹಿಡಿದುಕೊಂಡಿತ್ತು.

ದೊಡ್ಡ ಮಗಳು ಗಿರಿಜಾಳ ಕೌದಿ ಎರಡೇ ವರ್ಷಕ್ಕೆ ರಿಪೇರಿಗೆ ಬಂದಿತ್ತು. ಎಲ್ಲೋ ಒಂದು ಕಡೆ ದಾರ ಹರಿದು, ಇಡೀ ಸಾಲು ಬಿಚ್ಚಿ ಹೋಗಿತ್ತು. ಸುಂದರಿ ಅದನ್ನು ಯಾರಿಗೂ ತೋರಿಸದೆ ಹೊಲಿದು ಕಳಿಸಿದ್ದಳು.

ಅವಳು ಕತ್ತರಿ ಕೆಳಗಿಟ್ಟಳು.

"ಗಂಟ್ ಮೈಗ್ ಚುಚ್ಚತ್ತ್. ಪದ್ರದ್ ಒಳ್ಗ್ ಹೋಪಂಗ್ ಕಟ್ಟಿ. ಮತ್ತ್ ಅಷ್ಟ್ ಎಳಿಬೇಡಿ, ಸೀರಿ ನೆರ್ಗಿ ಆತ್ತ್. ಆ ಕಾಲ್ ತೆಗಿನಿ ಕಾಂಬ."

"ಕಾಲ್ ತೆಗದ್ರೆ ಕೈ ಓಡುದಿಲ್ಲ, ಮಾರಾಯ್ತಿ."

ಸುಂದರಿಗೆ ಈಗ ನಗು ಬಂತು. ಅವನೆದುರು ಕೂತು, ಎಡಗೈಯಲ್ಲಿ ಬಳಪ ಹಿಡಿದು ಸೊಟ್ಟಪಟ್ಟ ಗೆರೆ ಎಳೆದಳು. ಗುಡ್ಡ ಗೆರೆ ಹಿಡಿದು ಹೊರಟ. ನೀಲಿ ತುಂಡಿನ ಮೇಲೆ ಸೂಜಿ ನಿಂತಿತು.

"ಇದ್ ನಿನ್ ಮದಿ ಸೀರಿ ಅಲ್ದಾ?"

"ಅದ್ ನಿಮ್ ಅಬ್ಬಿದ್, ನನ್ ಅತ್ತಿದ್. ನಂದ್ ಹಸ್ರ್."

"ಹಸ್ರೇ ಅಂದೆ ನಾನ್."

"ಅಂದ್ರಿ, ಅಂದ್ರಿ," ಎಂದಳು ಪದ್ದು.

ಮೂರನೆಯ ದಿನ ಮಧ್ಯಾಹ್ನ ಕೌದಿ ಮುಗಿಯಿತು. ಬಳಪದ ಗೆರೆ ಹೋಗಲೆಂದು ಬಾವಿಕಟ್ಟೆಯಲ್ಲಿ ಒಗೆದರು. ನೆನೆದ ಕೌದಿ ಎತ್ತಲಾರದಷ್ಟು ಭಾರ. ಚಂದನಾ ಓಡಿ ಬಂದು, "ಅಜ್ಜಿ, ಕೈ ನೋಯತ್ತ್, ನಾನ್ ಹಿಂಡ್ತೆ" ಎಂದಳು.

"ಮದಿಮಗಳ್ ನೀರ್ ಕೆಲ್ಸ ಮಾಡುಕಾಗ. ಹೋಯ್ ಕೂಕೋ."

ಒಂದು ತುದಿಯನ್ನು ಸುಂದರಿ ಎಡಗೈಗೆ ಸುತ್ತಿ ಕಂಕುಳಿಗೆ ಒತ್ತಿಕೊಂಡಳು. ಇನ್ನೊಂದು ತುದಿ ಹಿಡಿದು ಗುಡ್ಡ ತಿರುಪುತ್ತ ಬಂದ. ಕೌದಿ ಹಗ್ಗದಂತೆ ಬಿಗಿಯಾಯಿತು. ನೀರು ಮೊದಲು ಧಾರೆಯಾಗಿ, ಮತ್ತೆ ಎಳೆಯಾಗಿ, ಕೊನೆಗೆ ಹನಿಹನಿಯಾಗಿ ಇಬ್ಬರ ಕಾಲ ಮೇಲೂ ಬೀಳುತ್ತಿತ್ತು.